15–7ರಿಂದ ಗೆದ್ದು ಹೊರಬಿದ್ದ ಬೌಟ್: ಓಲ್ಹಾ ಖಾರ್ಲಾನ್ ಪ್ರಕರಣ

2023ರ ಜುಲೈ 27, ಇಟಲಿಯ ಮಿಲಾನ್. ವಿಶ್ವ ಫೆನ್ಸಿಂಗ್ (ಕತ್ತಿವರಸೆ) ಚಾಂಪಿಯನ್‌ಷಿಪ್‌ನ ಮಹಿಳಾ ಸೇಬರ್ ವಿಭಾಗ, 64ರ ಸುತ್ತು. ಉಕ್ರೇನಿನ ಓಲ್ಹಾ ಖಾರ್ಲಾನ್ 15–7ರಿಂದ ಗೆದ್ದರು. ಎದುರಾಳಿ ಅನ್ನಾ ಸ್ಮಿರ್ನೋವಾ ರಷ್ಯಾದವರು. ದೇಶದ ಹೆಸರಾಗಲಿ ಧ್ವಜವಾಗಲಿ ಇಲ್ಲದೆ ತಟಸ್ಥ ಸ್ಪರ್ಧಿಯಾಗಿ ಕಣಕ್ಕಿಳಿದಿದ್ದರು. ಆಟದ ಫಲಿತಾಂಶದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೂ ಅದೇ ದಿನ ಗೆದ್ದವರಿಗೆ ಕಪ್ಪು ಕಾರ್ಡ್ ಬಿತ್ತು, ಅಂದರೆ ಸ್ಪರ್ಧೆಯಿಂದಲೇ ಉಚ್ಚಾಟನೆ. ಬೌಟ್, ಅಂದರೆ ಇಬ್ಬರ ನಡುವಿನ ಪಂದ್ಯ, ಮುಗಿದ ಮೇಲೆ ಎದುರಾಳಿಯ ಕೈ ಕುಲುಕಲಿಲ್ಲ ಎಂಬುದೇ ಕಾರಣ.

ಸರಿಯಾಗಿ ಒಂದು ವರ್ಷಕ್ಕೆ ಇದೇ ಆಟಗಾರ್ತಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದು ಕಂಚು, ಒಂದು ಚಿನ್ನ ಗೆದ್ದರು. ನಡುವೆ ಏನಾಯಿತು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರು ಪತ್ರ ಬರೆದು ಸೀಟು ಕೊಟ್ಟರು, ಆಕೆ ಹೋಗಿ ಪದಕ ತಂದರು. ಕತೆ ಚೆನ್ನಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ಆ ಪತ್ರ ಕೊಡಬಹುದಾಗಿದ್ದುದು ವೈಯಕ್ತಿಕ ವಿಭಾಗದ ಒಂದು ಸ್ಥಾನವನ್ನಷ್ಟೇ. ಪ್ಯಾರಿಸ್‌ನ ಚಿನ್ನ ಬಂದದ್ದು ತಂಡದ ಸ್ಪರ್ಧೆಯಲ್ಲಿ. ಆ ದಾರಿಗೆ ಬೇಕಾಗಿದ್ದ ತೀರ್ಮಾನ ಬೇರೆಯದು. ಅದೂ ಪತ್ರ ಬಂದ ದಿನವೇ ಆಯಿತು, ಸುದ್ದಿಯಲ್ಲಿ ಮಾತ್ರ ಪತ್ರದ ಅಡಿ ಮುಚ್ಚಿಹೋಯಿತು.

ಸೇಬರ್ ಹೇಗೆ ಆಡುತ್ತಾರೆ

ಫೆನ್ಸಿಂಗ್‌ನಲ್ಲಿ ಫಾಯಿಲ್, ಎಪೆ, ಸೇಬರ್ ಎಂಬ ಮೂರು ಆಯುಧಗಳಿವೆ. ಮೊದಲೆರಡರಲ್ಲಿ ತುದಿ ಚುಚ್ಚಿದರೆ ಮಾತ್ರ ಪಾಯಿಂಟ್. ಸೇಬರ್‌ನಲ್ಲಿ ಅಲಗಿನ ಅಂಚು ತಾಗಿದರೂ ಆಯಿತು. ಗುರಿ ಸೊಂಟದಿಂದ ಮೇಲಿನ ಭಾಗ: ಎದೆ, ಬೆನ್ನು, ತೋಳು, ತಲೆಯ ಮಾಸ್ಕ್. ಹಸ್ತ ಲೆಕ್ಕಕ್ಕಿಲ್ಲ. ಕತ್ತಿಯ ತೂಕ 500 ಗ್ರಾಂ ಮೀರಬಾರದು, ಅಲಗು 88 ಸೆಂಟಿಮೀಟರ್, ಒಟ್ಟು ಉದ್ದ 105 ಸೆಂಟಿಮೀಟರ್ ಮೀರಬಾರದು. ಮೇಲಂಗಿಯ ಮೇಲೆ ವಿದ್ಯುತ್ ಹರಿಯುವ ಲೋಹದ ಎಳೆಯ ಜಾಕೆಟ್ ಹಾಕುತ್ತಾರೆ. ಮಾಸ್ಕಿಗೂ ಜಾಕೆಟ್ಟಿಗೂ ನಡುವೆ ಎರಡು ಕಡೆ ಕ್ಲಿಪ್ ಇರುವ ಗಿಡ್ಡ ತಂತಿ ಇರುತ್ತದೆ. ಅದು ಸಡಿಲವಾದರೆ ತಲೆಗೆ ಬಿದ್ದ ಏಟಿಗೆ ದೀಪ ಹತ್ತುವುದೇ ಇಲ್ಲ. ಕಣಕ್ಕೆ ಬರುವಾಗ ಎರಡು ಕತ್ತಿ, ಎರಡು ಜತೆ ತಂತಿ ಕೈಯಲ್ಲಿರಬೇಕು. ಪರೀಕ್ಷೆಯಲ್ಲಿ ಕೆಲಸ ಮಾಡದಿದ್ದರೆ ಆಟ ಶುರುವಾಗುವ ಮೊದಲೇ ಹಳದಿ ಕಾರ್ಡ್.

ಪಿಸ್ಟ್ ಎಂದು ಕರೆಯುವ ಕಣ 14 ಮೀಟರ್ ಉದ್ದ. ಇಬ್ಬರೂ ಮಧ್ಯದ ಗೆರೆಯಿಂದ ತಲಾ 2 ಮೀಟರ್ ಹಿಂದೆ ನಿಲ್ಲುತ್ತಾರೆ, ಅಂದರೆ ನಡುವೆ 4 ಮೀಟರ್. ರೆಫರಿ ‘ಅಲೆ’ ಎಂದೊಡನೆ ಇಬ್ಬರೂ ನುಗ್ಗುತ್ತಾರೆ. ಒಬ್ಬರ ಏಟು ಬಿದ್ದ ಸುಮಾರು 170 ಮಿಲಿಸೆಕೆಂಡಿನೊಳಗೆ ಇನ್ನೊಬ್ಬರದೂ ಬಿದ್ದರೆ ಯಂತ್ರ ಎರಡೂ ದೀಪ ತೋರಿಸುತ್ತದೆ. ಆಗ ಪಾಯಿಂಟ್ ಯಾರಿಗೆ ಎಂಬುದನ್ನು ರೆಫರಿ ಹೇಳಬೇಕು. ಆಕ್ರಮಣ ಮೊದಲು ಶುರುಮಾಡಿದವರಿಗೆ ಹಕ್ಕು. ಎದುರಾಳಿ ಅದನ್ನು ಕತ್ತಿಯಿಂದ ತಡೆದರೆ, ಅಂದರೆ ಪ್ಯಾರಿ ಮಾಡಿದರೆ, ಹಕ್ಕು ಅವರಿಗೆ ದಾಟುತ್ತದೆ. ಬೀಸಿದ ಏಟು ಗಾಳಿಗೆ ಹೋದರೂ ದಾಟುತ್ತದೆ. ಇಬ್ಬರೂ ಒಟ್ಟಿಗೇ ಹೊರಟಿದ್ದರೆ ಯಾರಿಗೂ ಪಾಯಿಂಟ್ ಇಲ್ಲ. ಟಿವಿಯಲ್ಲಿ ನೋಡುವವರಿಗೆ ಗೊಂದಲವಾಗುವುದು ಇಲ್ಲೇ: ಎರಡೂ ದೀಪ ಹತ್ತಿವೆ, ಇಬ್ಬರೂ ಕೈಯೆತ್ತಿ ಕೂಗುತ್ತಿದ್ದಾರೆ, ಪಾಯಿಂಟ್ ಒಬ್ಬರಿಗೆ.

ಈ ಕಾರಣಕ್ಕೇ ಸೇಬರ್‌ನಲ್ಲಿ ಅಂತರಗಳು ಬೇಗ ಬೆಳೆಯುತ್ತವೆ, ಅಷ್ಟೇ ಬೇಗ ಕರಗುತ್ತವೆ. ಸೋತವರು ಹೊರಬೀಳುವ ನೇರ ಸುತ್ತಿನ ಬೌಟ್ 15 ಪಾಯಿಂಟಿನದು. ಒಬ್ಬರು 8 ಮುಟ್ಟಿದಾಗ ಒಂದು ನಿಮಿಷದ ವಿರಾಮ. ಎದುರಾಳಿ ಮೊದಲ ಎರಡು ಹೆಜ್ಜೆಯಲ್ಲಿ ಏನು ಮಾಡುತ್ತಾರೆಂಬುದು ಒಮ್ಮೆ ಓದಿಗೆ ಸಿಕ್ಕರೆ ಸತತ ನಾಲ್ಕೈದು ಪಾಯಿಂಟ್ ಒಂದೆರಡು ನಿಮಿಷದಲ್ಲಿ ಬಂದುಬಿಡುತ್ತವೆ. ಖಾರ್ಲಾನ್ ಅವರ ಹೆಸರು ನಿಂತಿರುವುದು ಈ ಓದಿನ ಮೇಲೆ.

ಮಿಲಾನ್‌ವರೆಗಿನ ದಾರಿ

ಹುಟ್ಟಿದ್ದು 1990ರ ಸೆಪ್ಟೆಂಬರ್ 4ರಂದು, ದಕ್ಷಿಣ ಉಕ್ರೇನಿನ ಮಿಕೊಲಾಯಿವ್‌ನಲ್ಲಿ. ಹಡಗು ಕಟ್ಟುವ ಊರು. ಮೊದಲ ಕೋಚ್ ಅನಾತೊಲಿ ಶ್ಲೀಕಾರ್.

ಮಹಿಳೆಯರ ಸೇಬರ್ ಒಲಿಂಪಿಕ್ಸ್‌ಗೆ ಬಂದದ್ದೇ 2004ರಲ್ಲಿ. ತಂಡದ ಸ್ಪರ್ಧೆ 2008ರ ಬೀಜಿಂಗ್‌ನಲ್ಲಿ ಮೊದಲ ಬಾರಿ. ಆ ಮೊದಲ ಚಿನ್ನ ಉಕ್ರೇನಿನದು. ಫೈನಲ್‌ನಲ್ಲಿ ಆತಿಥೇಯ ಚೀನಾ ವಿರುದ್ಧ 45–44. ತಂಡದವರು ಒಬ್ಬರ ನಂತರ ಒಬ್ಬರು ಆಡುವ ಈ ರಿಲೇಯಲ್ಲಿ ಕೊನೆಯ ಸರದಿ ಆಡಿದ್ದು 18 ತುಂಬಲು ಇನ್ನೂ ಮೂರು ವಾರವಿದ್ದ ಖಾರ್ಲಾನ್. ಎದುರಿಗಿದ್ದವರು ಆಗಲೇ ವಿಶ್ವ ಚಾಂಪಿಯನ್ ಆಗಿದ್ದ ತಾನ್ ಶ್ವೆ. ತಂಡದ ಆಟದಲ್ಲಿ ಕೊನೆಯ ಸರದಿಯನ್ನು ಯಾರಿಗೆ ಕೊಡುತ್ತಾರೆ ಎಂಬುದರಲ್ಲೇ ಕೋಚ್‌ಗಳ ಲೆಕ್ಕಾಚಾರ ಗೊತ್ತಾಗುತ್ತದೆ. ಹದಿನೇಳರ ಹುಡುಗಿಗೆ ಅದನ್ನು ಒಪ್ಪಿಸಿದ್ದು ಧೈರ್ಯದ ತೀರ್ಮಾನ.

ಆಮೇಲೆ ವೈಯಕ್ತಿಕ ವಿಭಾಗದಲ್ಲಿ ನಾಲ್ಕು ವಿಶ್ವ ಪ್ರಶಸ್ತಿ ಬಂದವು: 2013 ಬುಡಾಪೆಸ್ಟ್, 2014 ಕಜಾನ್, 2017 ಲೈಪ್‌ಜಿಗ್, 2019 ಮತ್ತೆ ಬುಡಾಪೆಸ್ಟ್. ಒಲಿಂಪಿಕ್ಸ್‌ನಲ್ಲಿ ಮಾತ್ರ ವೈಯಕ್ತಿಕ ಚಿನ್ನ ಕೈಗೆ ಸಿಗಲಿಲ್ಲ. ಸೆಮಿಫೈನಲ್‌ನಲ್ಲಿ 2012ರ ಲಂಡನ್‌ನಲ್ಲಿ ರಷ್ಯಾದ ಸೋಫಿಯಾ ವೆಲಿಕಾಯಾಗೆ, 2016ರ ರಿಯೋದಲ್ಲಿ ರಷ್ಯಾದವರೇ ಆದ ಯಾನಾ ಯೆಗೊರಿಯಾನ್‌ಗೆ ಸೋತು, ಎರಡೂ ಸಲ ಕಂಚಿನ ಬೌಟ್ ಗೆದ್ದರು. ರಿಯೋದಲ್ಲಿ ತಂಡಕ್ಕೆ ಬೆಳ್ಳಿ. ಅಲ್ಲೂ ಫೈನಲ್‌ನಲ್ಲಿ ತಡೆದದ್ದು ರಷ್ಯಾ. ಲಂಡನ್‌ನಲ್ಲಿ ಮಹಿಳಾ ಸೇಬರ್ ತಂಡದ ಸ್ಪರ್ಧೆಯೇ ಇರಲಿಲ್ಲ. ಆಗ ತಂಡದ ವಿಭಾಗಗಳನ್ನು ಸರದಿಯ ಮೇಲೆ ಕೈಬಿಡುತ್ತಿದ್ದರು, ಆ ಸಲದ ಸರದಿ ಇವರಿಗೆ ಬಿತ್ತು. ಹಾಲಿ ಚಾಂಪಿಯನ್ನರಿಗೆ ಕಿರೀಟ ಉಳಿಸಿಕೊಳ್ಳುವ ಅವಕಾಶವೇ ಸಿಗದಿರುವುದು ವಿಚಿತ್ರ ಪದ್ಧತಿ. ಟೋಕಿಯೊದಿಂದ ಅದು ಹೋಯಿತು.

ಆದರೆ ಟೋಕಿಯೊ ಇವರ ಪಾಲಿಗೆ ಪೂರ್ತಿ ಕೆಟ್ಟಿತು. ಮೊದಲ ಬೌಟ್‌ನಲ್ಲೇ ಚೀನಾದ ಯಾಂಗ್ ಹೆಂಗ್ಯುಗೆ 12–15ರಿಂದ ಸೋಲು. ಉಕ್ರೇನ್ ತಂಡ ಅರ್ಹತೆಯನ್ನೇ ಪಡೆದಿರಲಿಲ್ಲ, ಹಾಗಾಗಿ ಅಲ್ಲಿಗೆ ಒಲಿಂಪಿಕ್ಸ್ ಮುಗಿಯಿತು. ನಮ್ಮವರಿಗೆ ಆ ವಿಭಾಗ ನೆನಪಿರುವುದು ಬೇರೆ ಕಾರಣಕ್ಕೆ: ಚೆನ್ನೈನ ಸಿ.ಎ. ಭವಾನಿ ದೇವಿ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಭಾರತೀಯ ಫೆನ್ಸರ್ ಆದದ್ದು ಅದೇ ಸೇಬರ್ ಸ್ಪರ್ಧೆಯಲ್ಲಿ. ಅವರು ಒಂದು ಬೌಟ್ ಗೆದ್ದು, 32ರ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರುನೆಗೆ ಸೋತರು. ಇದೇ ಬ್ರುನೆಯನ್ನು ಖಾರ್ಲಾನ್ ರಿಯೋದ ಕಂಚಿನ ಬೌಟ್‌ನಲ್ಲಿ ಸೋಲಿಸಿದ್ದರು.

ಕೈ ಕುಲುಕುವುದು ಕಾನೂನಾಗಿದ್ದಾಗ

ಟೆನಿಸ್‌ನಲ್ಲಿ ಉಕ್ರೇನಿನ ಎಲಿನಾ ಸ್ವಿಟೊಲಿನಾ ರಷ್ಯಾ, ಬೆಲರೂಸ್ ಆಟಗಾರ್ತಿಯರ ಕೈ ಕುಲುಕದೆ ಹೋದಾಗ ಪ್ರೇಕ್ಷಕರು ಕೂಗಾಡಿದ್ದುಂಟು, ದಂಡ ಬಿದ್ದಿಲ್ಲ. 2025ರ ಸೆಪ್ಟೆಂಬರಿನಲ್ಲಿ ದುಬೈಯ ಏಷ್ಯಾ ಕಪ್ ಪಂದ್ಯ ಮುಗಿದ ಮೇಲೆ ಭಾರತದ ಕ್ರಿಕೆಟಿಗರು ಪಾಕಿಸ್ತಾನದವರ ಕೈ ಕುಲುಕಲಿಲ್ಲ. ಗಲಾಟೆ ದೊಡ್ಡದಾಯಿತು, ಆದರೆ ಪಂದ್ಯದ ಫಲಿತಾಂಶ ಅಲುಗಲಿಲ್ಲ. ಆ ಆಟಗಳಲ್ಲಿ ಅದು ಮರ್ಯಾದೆಯ ಮಾತು.

ಫೆನ್ಸಿಂಗ್‌ನಲ್ಲಿ ಹಾಗಿರಲಿಲ್ಲ. ಅಂತರರಾಷ್ಟ್ರೀಯ ಫೆನ್ಸಿಂಗ್ ಫೆಡರೇಷನ್ ಇದನ್ನು ಬೌಟ್‌ನ ಭಾಗವೆಂದೇ ಬರೆದಿಟ್ಟಿತ್ತು: ಕೊನೆಯ ತೀರ್ಪಿನ ನಂತರ ಇಬ್ಬರೂ ವಂದಿಸಿ, ಆಯುಧ ಹಿಡಿಯದ ಕೈಯಿಂದ ಎದುರಾಳಿಯ ಕೈ ಕುಲುಕಬೇಕು. ಬಲಗೈಯಲ್ಲಿ ಆಡುವವರು ಕತ್ತಿಯನ್ನು ಬಲಗೈಯಲ್ಲೇ ಇಟ್ಟುಕೊಂಡು, ಮಾಸ್ಕನ್ನು ಅದೇ ತೋಳಿನಡಿ ಸಿಕ್ಕಿಸಿಕೊಂಡು, ಗ್ಲೌಸಿಲ್ಲದ ಎಡಗೈ ಚಾಚುತ್ತಾರೆ. ಇದನ್ನು ಮಾಡದಿದ್ದರೆ ನಾಲ್ಕನೆಯ ಗುಂಪಿನ ತಪ್ಪು.

ಈ ಗುಂಪುಗಳ ಅರ್ಥ ಗೊತ್ತಾಗದೆ ಮಿಲಾನ್ ಅರ್ಥವಾಗುವುದಿಲ್ಲ. ಮೊದಲ ಗುಂಪಿನ ತಪ್ಪಿಗೆ ಹಳದಿ ಕಾರ್ಡ್, ಮತ್ತೆ ಮಾಡಿದರೆ ಕೆಂಪು. ಎರಡನೆಯದಕ್ಕೆ ನೇರ ಕೆಂಪು, ಅಂದರೆ ಎದುರಾಳಿಗೆ ಒಂದು ಪಾಯಿಂಟ್. ಮೂರನೆಯದಕ್ಕೆ ಮೊದಲು ಕೆಂಪು, ಮರುಕಳಿಸಿದರೆ ಕಪ್ಪು. ನಾಲ್ಕನೆಯ ಗುಂಪಿಗೆ ಎಚ್ಚರಿಕೆಯ ಹಂತವೇ ಇಲ್ಲ: ನೇರ ಕಪ್ಪು. ಮೋಸ, ಉದ್ದೇಶಪೂರ್ವಕ ಹಲ್ಲೆ, ಎದುರಾಳಿಯೊಡನೆ ಒಳಒಪ್ಪಂದ ಮುಂತಾದವು ಇರುವ ಗುಂಪು ಅದು. ಕೈ ಕುಲುಕದಿರುವುದು ಆ ಸಾಲಿನಲ್ಲಿ ಕೂತಿತ್ತು. ಕಪ್ಪು ಕಾರ್ಡ್ ಎಂದರೆ ಆ ಸ್ಪರ್ಧೆಯಿಂದ ಉಚ್ಚಾಟನೆ, ಕೂಟದ ಉಳಿದ ಭಾಗಕ್ಕೆ ನಿಷೇಧ, ಮೇಲೆ ಚಾಲ್ತಿ ಋತುವಿನ 60 ದಿನಗಳ ಅಮಾನತು.

ಇಷ್ಟು ಕಟುವಾಗಿ ಬರೆದಿದ್ದ ನಿಯಮವನ್ನು ಕೋವಿಡ್ ಕಾಲ ಸಡಿಲಗೊಳಿಸಿತ್ತು. ಕೈ ಮುಟ್ಟುವುದು ಬೇಡ, ಕತ್ತಿಗೆ ಕತ್ತಿ ತಾಗಿಸಿದರೆ ಸಾಕು ಎಂಬ ವ್ಯವಸ್ಥೆ ಬಂತು. ಸಾಂಕ್ರಾಮಿಕ ಮುಗಿಯಿತು, ಆಟಗಾರರ ಕೈಗೆ ಆ ರೂಢಿ ಹತ್ತಿತ್ತು. ಪುಸ್ತಕದಲ್ಲಿ ಒಂದು, ಬಳಕೆಯಲ್ಲಿ ಇನ್ನೊಂದು. ಇಂಥ ಸಂದು ಎಲ್ಲರೂ ಸ್ನೇಹದಲ್ಲಿರುವಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಕತ್ತಿ ಚಾಚಿದ್ದು ಯಾಕೆ

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ದಾಳಿ ಶುರುಮಾಡಿತು. ಮಿಕೊಲಾಯಿವ್ ಮೊದಲ ವಾರಗಳಲ್ಲೇ ಮುಂಚೂಣಿಯ ಊರಾಯಿತು. ಆ ಏಪ್ರಿಲ್‌ನಲ್ಲಿ ನೀಪರ್ ನದಿಯಿಂದ ಬರುತ್ತಿದ್ದ ನೀರಿನ ಕೊಳವೆ ಹಾಳಾಗಿ, ಊರಿನ ಜನ ಕುಡಿಯುವ ನೀರಿಗೆ ಕ್ಯಾನ್ ಹಿಡಿದು ಸಾಲು ನಿಲ್ಲಬೇಕಾಯಿತು. ಮುಂದೆ ನಲ್ಲಿಯಲ್ಲಿ ಬಿಟ್ಟದ್ದು ಉಪ್ಪು ನೀರು. ಖಾರ್ಲಾನ್ ಅವರ ಮನೆಯವರು ಇದ್ದದ್ದು ಆ ಊರಿನಲ್ಲಿ. ಖಾರ್ಲಾನ್ ತಾವು ಇಟಲಿಯಲ್ಲಿ ಅಭ್ಯಾಸ ಮುಂದುವರಿಸಿದರು.

ಫೆನ್ಸಿಂಗ್ ಫೆಡರೇಷನ್ ರಷ್ಯಾ, ಬೆಲರೂಸ್ ಆಟಗಾರರನ್ನು ಮೊದಲು ಹೊರಗಿಟ್ಟಿತ್ತು. 2023ರ ಮಾರ್ಚ್‌ನಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಮತ ಹಾಕಿತು. ಪ್ಯಾರಿಸ್ ಅರ್ಹತೆಯ ಅವಧಿ ಶುರುವಾಗುವ ಹೊತ್ತಿಗೆ ಇದು ಬಂದದ್ದು ಉಕ್ರೇನಿಗೆ ಇಕ್ಕಟ್ಟಾಯಿತು. ಅಲ್ಲಿನ ಸರ್ಕಾರದ ಆದೇಶದಂತೆ ರಷ್ಯನ್ನರು ಆಡುವ ಕೂಟಗಳಲ್ಲಿ ಉಕ್ರೇನಿನ ತಂಡಗಳು ಆಡುವಂತಿರಲಿಲ್ಲ. ಆಡದಿದ್ದರೆ ರ‍್ಯಾಂಕಿಂಗ್ ಅಂಕಗಳಿಲ್ಲ, ಅಂಕಗಳಿಲ್ಲದೆ ಒಲಿಂಪಿಕ್ಸ್ ಇಲ್ಲ. ಮಿಲಾನ್‌ನಲ್ಲೇ, ಖಾರ್ಲಾನ್ ಕಣಕ್ಕಿಳಿಯುವ ಮೊದಲೇ, ಟೋಕಿಯೊದ ಎಪೆ ಕಂಚಿನ ಪದಕ ವಿಜೇತ ಇಹೋರ್ ರೈಜ್ಲಿನ್ ರಷ್ಯಾ ಮೂಲದ ತಟಸ್ಥ ಎದುರಾಳಿಯ ವಿರುದ್ಧದ ಬೌಟ್ ಆಡದೆ ಬಿಟ್ಟುಕೊಟ್ಟಿದ್ದರು. ಆ ಬೆನ್ನಿಗೇ ಆದೇಶ ಸಡಿಲವಾಯಿತು: ತಟಸ್ಥರೆಂದು ಬಂದವರ ವಿರುದ್ಧ ಆಡಬಹುದು, ದೇಶದ ಹೆಸರಿನಲ್ಲಿ ಬಂದವರ ವಿರುದ್ಧ ಕೂಡದು. ಹಾಗಾಗಿ ಖಾರ್ಲಾನ್ ಕಣಕ್ಕೆ ಹೋಗಲು ಅಡ್ಡಿಯಿರಲಿಲ್ಲ. ಬೌಟ್ ಮುಗಿದ ಮೇಲೆ ಏನು ಮಾಡಬೇಕೆಂದು ಯಾವ ಆದೇಶವೂ ಹೇಳಿರಲಿಲ್ಲ.

ಜುಲೈ 27ರ ಮಧ್ಯಾಹ್ನ

ಬೌಟ್ ಮುಗಿದು ಮಾಸ್ಕ್ ತೆಗೆದ ಸ್ಮಿರ್ನೋವಾ ಮಧ್ಯದ ಗೆರೆಯ ಕಡೆ ಬಂದು ಕೈ ಚಾಚಿದರು. ಖಾರ್ಲಾನ್ ತೋಳು ನೀಡಿ ಸೇಬರ್‌ನ ಅಲಗನ್ನು ಮುಂದೆ ಹಿಡಿದರು, ತಾಗಿಸು ಎಂಬಂತೆ. ಇಬ್ಬರ ನಡುವೆ ಒಂದು ಅಲಗಿನ ಉದ್ದ. ಸ್ಮಿರ್ನೋವಾ ತಾಗಿಸಲಿಲ್ಲ. ಖಾರ್ಲಾನ್ ಪಿಸ್ಟ್ ಇಳಿದು ಹೊರಟರು. ಸ್ಮಿರ್ನೋವಾ ಅಲ್ಲೇ ಉಳಿದರು; ಕುರ್ಚಿಯ ಮೇಲೆ ಕೂತು ಸುಮಾರು ಮುಕ್ಕಾಲು ಗಂಟೆ ಕದಲಲಿಲ್ಲ.

ರೆಫರಿ ಆ ಕ್ಷಣದಲ್ಲೇ ಕಾರ್ಡ್ ಎತ್ತಲಿಲ್ಲ. ತೀರ್ಪು ಬಂದದ್ದು ಆಮೇಲೆ, ದೂರು ಮತ್ತು ಚರ್ಚೆಗಳ ನಂತರ. ನಮಗೆ ಈ ಪ್ರಕರಣದ ಅತ್ಯಂತ ದುರ್ಬಲ ಕೊಂಡಿ ಎನಿಸುವುದು ಇದೇ. ನಾಲ್ಕನೆಯ ಗುಂಪಿನ ತಪ್ಪು ಕಣ್ಣೆದುರು ನಡೆದಿದ್ದರೆ ಕಾರ್ಡ್ ಅಲ್ಲೇ ಬೀಳಬೇಕು. ಬೀಳಲಿಲ್ಲವೆಂದರೆ ಕತ್ತಿ ಚಾಚುವುದು ಸಾಕೋ ಸಾಲದೋ ಎಂಬುದು ಅಧಿಕಾರಿಗಳಿಗೇ ಖಚಿತವಿರಲಿಲ್ಲ ಎಂದಾಯಿತು. ಖಾರ್ಲಾನ್ ಇನ್ನೂ ಒಂದು ಮಾತು ಬಹಿರಂಗವಾಗಿ ಹೇಳಿದರು: ಕೈ ಕುಲುಕುವ ಬದಲು ಕತ್ತಿ ತಾಗಿಸಬಹುದು ಎಂದು ಫೆಡರೇಷನ್‌ನ ಹಂಗಾಮಿ ಅಧ್ಯಕ್ಷ ಎಮ್ಯಾನುಯೆಲ್ ಕಾತ್ಸಿಯಾದಾಕಿಸ್ ತಮಗೆ ಮೊದಲೇ ಭರವಸೆ ಕೊಟ್ಟಿದ್ದರು ಎಂದು. ಬಾಯಿಮಾತಿನ ಭರವಸೆ ನಿಯಮ ಪುಸ್ತಕದ ಎದುರು ನಿಲ್ಲುವುದಿಲ್ಲ. ಇಂಥ ಸಂದರ್ಭಕ್ಕೆ ಹೋಗುವ ಯಾವ ತಂಡವೂ ಮಾಡಬೇಕಾದ ಕೆಲಸ ಒಂದಿದೆ: ವಿನಾಯಿತಿಯನ್ನು ಬೌಟ್‌ಗೆ ಮುನ್ನ ಬರಹದಲ್ಲಿ ಪಡೆದು, ಅದರ ಪ್ರತಿಯನ್ನು ಕೂಟದ ತಾಂತ್ರಿಕ ಸಮಿತಿಗೂ ಆ ಪಿಸ್ಟ್‌ನ ರೆಫರಿಗೂ ತಲುಪಿಸುವುದು. ಮಿಲಾನ್‌ನಲ್ಲಿ ಅಂಥದ್ದು ಇದ್ದಿದ್ದರೆ ಚರ್ಚೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು.

ಕಳೆದದ್ದೆಷ್ಟು

ವಿಶ್ವ ಚಾಂಪಿಯನ್‌ಷಿಪ್‌ನ ವೈಯಕ್ತಿಕ ಅಂಕಗಳಿಗೆ 2.5ರ ಗುಣಕವಿದೆ. ಮಾಮೂಲಿ ವಿಶ್ವಕಪ್ ಗೆದ್ದರೆ 32, ಇಲ್ಲಿ ಗೆದ್ದರೆ 80. ಮೂರನೆಯ ಸ್ಥಾನಕ್ಕೆ ಅಲ್ಲಿ 20, ಇಲ್ಲಿ 50. ಎಂಟರ ಸುತ್ತಿಗೆ ಬಂದು ಸೋತರೂ 35, ಅಂದರೆ ಒಂದು ವಿಶ್ವಕಪ್ ಗೆದ್ದದ್ದಕ್ಕಿಂತ ಹೆಚ್ಚು. ರಷ್ಯನ್ನರಿದ್ದ ಕೂಟಗಳನ್ನು ಬಿಟ್ಟು ಕೂತಿದ್ದ ಆಟಗಾರ್ತಿಗೆ ಒಂದೇ ದಿನದಲ್ಲಿ ಆ ನಷ್ಟ ತುಂಬಿಕೊಳ್ಳುವ ಅವಕಾಶ ಇದ್ದದ್ದು ಇಲ್ಲಿ. ಅದು ಹೋಯಿತು.

ಇದಕ್ಕಿಂತ ದೊಡ್ಡ ಹೊಡೆತ ಇನ್ನೊಂದಿತ್ತು. ಉಚ್ಚಾಟನೆ ‘ಕೂಟದ ಉಳಿದ ಭಾಗಕ್ಕೆ’ ಎಂದಾಗ ಅದರಲ್ಲಿ ತಂಡದ ಸ್ಪರ್ಧೆಯೂ ಸೇರುತ್ತದೆ. 60 ದಿನದ ಅಮಾನತು ಬೇರೆ ಮುಂದಿನ ಋತುವಿನ ಬಾಗಿಲಲ್ಲಿ ಕಾಯುತ್ತಿರುತ್ತದೆ. ಒಲಿಂಪಿಕ್ಸ್‌ಗೆ ಪ್ರತಿ ಆಯುಧದಲ್ಲಿ ಎಂಟು ತಂಡ. ವಿಶ್ವ ರ‍್ಯಾಂಕಿಂಗ್‌ನ ಮೊದಲ ನಾಲ್ಕು ನೇರ ಹೋಗುತ್ತವೆ. ಉಳಿದ ನಾಲ್ಕು ಸ್ಥಾನ ಯೂರೋಪ್, ಏಷ್ಯಾ–ಓಷಿಯಾನಿಯಾ, ಅಮೆರಿಕ, ಆಫ್ರಿಕ ವಲಯಗಳಿಗೆ ಒಂದೊಂದು. ಅಂದರೆ ಮೊದಲ ನಾಲ್ಕರಲ್ಲಿ ಇಲ್ಲದ ಯೂರೋಪಿನ ದೇಶಗಳೆಲ್ಲ ಒಂದೇ ಒಂದು ಸೀಟಿಗೆ ಕಿತ್ತಾಡಬೇಕು. ಸೇಬರ್‌ನಲ್ಲಿ ಯೂರೋಪ್ ಎಂದರೆ ಇಟಲಿ, ಫ್ರಾನ್ಸ್, ಹಂಗೇರಿ ಎಲ್ಲ ಒಂದೇ ಪಂಕ್ತಿ. ತಂಡ ಆಯ್ಕೆಯಾದರೆ ಅದರ ಮೂವರು ವೈಯಕ್ತಿಕ ವಿಭಾಗಕ್ಕೂ ತಾವಾಗಿ ಸೇರುತ್ತಾರೆ. ತಂಡ ತಪ್ಪಿದರೆ ಆ ಖಂಡದ ಉಳಿದ ದೇಶಗಳ ಜತೆ ಬೆರಳೆಣಿಕೆಯ ವೈಯಕ್ತಿಕ ಸ್ಥಾನಗಳಿಗೆ ಪೈಪೋಟಿ. ಉಕ್ರೇನ್ ತಂಡದಿಂದ ಖಾರ್ಲಾನ್ ಅವರನ್ನು ತೆಗೆದುಬಿಟ್ಟರೆ ಮುರಿಯುತ್ತಿದ್ದದ್ದು ಒಬ್ಬರ ಕನಸಲ್ಲ, ನಾಲ್ವರದು.

ಪತ್ರ ಮತ್ತು ಅಮಾನತು

ಮರುದಿನ, ಜುಲೈ 28ರಂದು, ಒಲಿಂಪಿಕ್ ಸಮಿತಿಯ ಅಧ್ಯಕ್ಷ ಥಾಮಸ್ ಬಾಕ್ ಖಾರ್ಲಾನ್‌ಗೆ ಪತ್ರ ಬರೆದರು. ಉಳಿದ ಅವಧಿಯಲ್ಲಿ ಅರ್ಹತೆ ಪಡೆಯಲಾಗದಿದ್ದರೆ ಪ್ಯಾರಿಸ್‌ಗೆ ಹೆಚ್ಚುವರಿ ಸ್ಥಾನ ಕೊಡುತ್ತೇವೆ ಎಂಬುದು ಸಾರ. ಬಾಕ್ ತಾವೂ ಫೆನ್ಸರ್. 1976ರ ಮಾಂಟ್ರಿಯಲ್‌ನಲ್ಲಿ ಪಶ್ಚಿಮ ಜರ್ಮನಿಯ ಫಾಯಿಲ್ ತಂಡದೊಂದಿಗೆ ಚಿನ್ನ ಗೆದ್ದವರು. ಪತ್ರದಲ್ಲಿ ಅದನ್ನು ನೆನಪಿಸಿಯೂ ಇದ್ದರು.

ಸುದ್ದಿಯಾದದ್ದು ಪತ್ರ. ಅದೇ ದಿನ ಫೆನ್ಸಿಂಗ್ ಫೆಡರೇಷನ್ ಒಲಿಂಪಿಕ್ ಸಮಿತಿಯೊಂದಿಗೆ ಮಾತಾಡಿ ಖಾರ್ಲಾನ್ ಅವರ ಅಮಾನತನ್ನು ತೆರವು ಮಾಡಿತು. ವೈಯಕ್ತಿಕ ಸ್ಪರ್ಧೆಯ ಉಚ್ಚಾಟನೆ ಹಾಗೇ ನಿಂತಿತು, ಕಳೆದ ಅಂಕ ಮರಳಲಿಲ್ಲ. ಆದರೆ ಮಿಲಾನ್‌ನಲ್ಲೇ ತಂಡದ ಸ್ಪರ್ಧೆಗೆ ಇಳಿಯುವ ದಾರಿ, ಮುಂದಿನ ಋತುವನ್ನು ಮೊದಲ ಕೂಟದಿಂದಲೇ ಆಡುವ ದಾರಿ, ಎರಡೂ ತೆರೆದವು. ತಂಡದ ಅರ್ಹತೆಯ ದೃಷ್ಟಿಯಿಂದ ತೂಗಿದರೆ ಪತ್ರಕ್ಕಿಂತ ಈ ತೀರ್ಮಾನ ಭಾರ.

ಪತ್ರದ ನ್ಯಾಯದ ಬಗ್ಗೆ ಪ್ರಶ್ನೆ ಏಳುವುದು ಸಹಜ. ಒಲಿಂಪಿಕ್ ಸ್ಥಾನಗಳು ರ‍್ಯಾಂಕಿಂಗ್‌ನಿಂದ ಬರುತ್ತವೆ ಎಂದು ಎಲ್ಲರಿಗೂ ಹೇಳಿ, ಒಬ್ಬರಿಗೆ ಪತ್ರದಲ್ಲಿ ಕೊಡುವುದು ಒಳ್ಳೆಯ ಪದ್ಧತಿಯಲ್ಲ. ಸರ್ಕಾರದ ಆದೇಶಕ್ಕೆ ತಲೆಬಾಗಿ ಬೌಟ್ ಬಿಟ್ಟುಕೊಟ್ಟ ರೈಜ್ಲಿನ್‌ಗೆ ಅಂಥ ಪತ್ರ ಬರಲಿಲ್ಲ. ಆತ ಕಳೆದುಕೊಂಡ ಬೌಟ್ ಕ್ಯಾಮೆರಾಗಳ ಮುಂದೆ ಸಿಡಿಯಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ಕಡೆ, ತನ್ನದೇ ಅಧಿಕಾರಿಗಳಿಗೆ ಸ್ಪಷ್ಟವಿಲ್ಲದ ನಿಯಮದ ಹೊರೆಯನ್ನು ಆಟಗಾರ್ತಿಯ ತಲೆಗೆ ಕಟ್ಟಿದ ವ್ಯವಸ್ಥೆ ಅದನ್ನು ಹೇಗಾದರೂ ಇಳಿಸಲೇಬೇಕಿತ್ತು. ಅದಕ್ಕೆ ಸರಿಯಾದ ದಾರಿ ನಿಯಮವನ್ನೇ ತಿದ್ದುವುದು. ಫೆಡರೇಷನ್ ಅದನ್ನೂ ಮಾಡಿತು: ಕೈ ಕುಲುಕುವುದು ಕಡ್ಡಾಯವಲ್ಲ, ದೂರದಿಂದ ವಂದಿಸಿದರೂ ಸಾಕು. ನಾಲ್ಕು ತಿಂಗಳು ಮೊದಲು, ರಷ್ಯನ್ನರನ್ನು ಮರಳಿ ಸೇರಿಸಲು ಮತ ಹಾಕಿದ ದಿನವೇ ಈ ಒಂದು ಸಾಲು ತಿದ್ದಿದ್ದರೆ ಮಿಲಾನ್ ಪ್ರಕರಣವೇ ಇರುತ್ತಿರಲಿಲ್ಲ. ಯುದ್ಧದಲ್ಲಿರುವ ಎರಡು ದೇಶದವರನ್ನು ಒಂದೇ ಪಿಸ್ಟ್‌ಗೆ ಕರೆಯುವಾಗ ಮೊದಲು ಓದಬೇಕಾದ ನಿಯಮ ಇದೇ ಆಗಿತ್ತು.

ಪತ್ರ ಬಳಕೆಗೆ ಬರಲಿಲ್ಲ. ಉಕ್ರೇನ್ ತಂಡ ತನ್ನ ಆಟದಿಂದಲೇ ಎಂಟರೊಳಗೆ ಬಂತು. ತಂಡದ ಸದಸ್ಯೆಯಾಗಿ ಖಾರ್ಲಾನ್‌ಗೆ ವೈಯಕ್ತಿಕ ವಿಭಾಗದ ಸ್ಥಾನವೂ ಬಂತು. ಜತೆಗಿದ್ದವರು ಅಲಿನಾ ಕೊಮಾಶ್ಚುಕ್, ಒಲೆನಾ ಕ್ರಾವಾತ್ಸ್ಕಾ, ಯುಲಿಯಾ ಬಕಾಸ್ತೊವಾ.

ಪ್ಯಾರಿಸ್: 5–11, 37–40

ಗ್ರಾಂಡ್ ಪಲೇಯ ಗಾಜಿನ ಚಾವಣಿಯಡಿ 2024ರ ಜುಲೈ 29ರಂದು ವೈಯಕ್ತಿಕ ಸೇಬರ್. ರಷ್ಯಾದ ಫೆನ್ಸರ್‌ಗಳು ಯಾರೂ ಇರಲಿಲ್ಲ. ಸೆಮಿಫೈನಲ್‌ನಲ್ಲಿ ಖಾರ್ಲಾನ್ ಫ್ರಾನ್ಸಿನ ಸಾರಾ ಬಾಲ್ಜೆಗೆ 7–15ರಿಂದ ಸೋತರು. ಎಲ್ಲ ಏಟುಗಳೂ ತಪ್ಪಿದಂಥ ದೊಡ್ಡ ಸೋಲು. ಕಂಚಿನ ಬೌಟ್‌ಗೆ ಎದುರಾದವರು ದಕ್ಷಿಣ ಕೊರಿಯಾದ ಚೋಯ್ ಸೆಬಿನ್. ಎರಡು ಬಾರಿಯ ವಿಶ್ವ ಚಾಂಪಿಯನ್, ಜಪಾನಿನ ಮಿಸಾಕಿ ಎಮುರಾ ಅವರನ್ನು ಅದೇ ದಿನ ಹೊರಗಟ್ಟಿದ್ದವರು. ಸ್ಕೋರು 5–11 ಆಯಿತು. ಇನ್ನು ನಾಲ್ಕು ಪಾಯಿಂಟ್ ಚೋಯ್‌ಗೆ ಸಾಕು, ಖಾರ್ಲಾನ್‌ಗೆ ಹತ್ತು ಬೇಕು.

ಇಂಥ ಹೊತ್ತಿನಲ್ಲಿ ಹಿಂದೆ ಬಿದ್ದವರು ಮಾಡುವ ಸಾಮಾನ್ಯ ತಪ್ಪು 4 ಮೀಟರ್ ಜಾಗದಲ್ಲೇ ಇನ್ನೂ ಜೋರಾಗಿ ನುಗ್ಗುವುದು. ಮುಂದಿರುವವರಿಗೆ ಬೇಕಾದ್ದೂ ಅದೇ: ಇಬ್ಬರೂ ಒಟ್ಟಿಗೆ ಬಂದರೆ ಪಾಯಿಂಟ್ ಇಲ್ಲ, ಒಂದು ಕ್ಷಣ ಮೊದಲು ಹೊರಟರೆ ಪಾಯಿಂಟ್ ತಮಗೆ. ತಿರುಗಿ ಬರಬೇಕಾದರೆ ಮೊದಲ ಹೆಜ್ಜೆಯ ವೇಗ ಬದಲಿಸಬೇಕು. ಒಮ್ಮೆ ಹಿಂದೆ ಸರಿದು ಎದುರಾಳಿಯ ಉದ್ದನೆಯ ಆಕ್ರಮಣವನ್ನು ಗಾಳಿಗೆ ಬೀಳಿಸಬೇಕು, ಇನ್ನೊಮ್ಮೆ ಅದೇ ಜಾಗದಲ್ಲಿ ನಿಂತು ಪ್ಯಾರಿ ಮಾಡಬೇಕು, ಮೂರನೆಯ ಸಲ ನೇರ ಹೋಗಬೇಕು. ಎದುರಾಳಿಗೆ ಮುಂದಿನದು ಯಾವುದೆಂದು ಗೊತ್ತಾಗದಿದ್ದರೆ ಅವರ ಮೊದಲ ಹೆಜ್ಜೆ ಹಿಂಜರಿಯುತ್ತದೆ. ಆ ಹಿಂಜರಿಕೆಯಲ್ಲೇ ಹಕ್ಕು ಕೈ ಬದಲಾಗುತ್ತದೆ. ಬೌಟ್ 15–14ಕ್ಕೆ ಮುಗಿಯಿತು. ಪ್ಯಾರಿಸ್‌ನಲ್ಲಿ ಉಕ್ರೇನಿನ ಮೊದಲ ಪದಕ. ರಷ್ಯಾದ ದಾಳಿಯಲ್ಲಿ ಸತ್ತು ಅಲ್ಲಿಗೆ ಬರಲಾಗದ ಕ್ರೀಡಾಪಟುಗಳಿಗೂ ಅದು ಸಲ್ಲುತ್ತದೆ ಎಂದು ಖಾರ್ಲಾನ್ ಹೇಳಿದರು.

ಆಗಸ್ಟ್ 3ರ ತಂಡದ ಫೈನಲ್ ಮತ್ತೆ ಕೊರಿಯಾ ವಿರುದ್ಧ. ತಂಡದ ಆಟ ಒಂಬತ್ತು ಸರದಿಗಳ ರಿಲೇ. ಮೂವರು ಎದುರಾಳಿ ಕಡೆಯ ಮೂವರನ್ನೂ ಒಮ್ಮೊಮ್ಮೆ ಎದುರಿಸುತ್ತಾರೆ. ಪ್ಯಾರಿಸ್‌ನಲ್ಲಿದ್ದ ನಿಯಮದಂತೆ ಮೊದಲ ಸರದಿ ಒಂದು ಕಡೆ 5 ಆಗುವವರೆಗೆ, ಎರಡನೆಯದು 10ರವರೆಗೆ, ಹೀಗೆ 45ರವರೆಗೆ. ಸರದಿಗೆ ಐದೇ ಪಾಯಿಂಟ್ ಎಂಬ ಮಿತಿ ಇರುವುದು ಮುಂದಿರುವ ತಂಡಕ್ಕೆ. ಹಿಂದಿರುವ ತಂಡದ ಆಟಗಾರ್ತಿ ಎಷ್ಟು ಬೇಕಾದರೂ ಗಳಿಸಬಹುದು, ಗುರಿ ಮುಟ್ಟುವ ತನಕ. ಒಬ್ಬ ಬಲವಾದ ಕೊನೆಯ ಆಟಗಾರ್ತಿ ಇದ್ದರೆ ಉಳಿದಿಬ್ಬರು ಗೆಲ್ಲಲೇಬೇಕೆಂದಿಲ್ಲ, ಅಂತರ ಕೈ ಮೀರದಂತೆ ನೋಡಿಕೊಂಡರೂ ಆಯಿತು.

ಎಂಟು ಸರದಿ ಮುಗಿದಾಗ ಕೊರಿಯಾ 40, ಉಕ್ರೇನ್ 37. ಕೊನೆಯ ಸರದಿಗೆ ಕೊರಿಯಾದಿಂದ ಜಿಯೋನ್ ಹಾಯಂಗ್, ಇತ್ತ ಖಾರ್ಲಾನ್. ಜಿಯೋನ್‌ಗೆ ಬೇಕಾದದ್ದು 5, ಇವರಿಗೆ 8. ಹಿಂದಿನ ಐದು ದಿನದಲ್ಲಿ 5–11 ನೋಡಿ ಬಂದವರಿಗೆ ಮೂರು ಪಾಯಿಂಟಿನ ಅಂತರ ಅಂಥ ದೊಡ್ಡದಲ್ಲ. ಈ ಸರದಿಯಲ್ಲಿ ಜಿಯೋನ್ ಗಳಿಸಿದ್ದು ಎರಡು, ಖಾರ್ಲಾನ್ ಎಂಟು. 45–42. ಪ್ಯಾರಿಸ್‌ನಲ್ಲಿ ಉಕ್ರೇನಿನ ಮೊದಲ ಚಿನ್ನ, ಖಾರ್ಲಾನ್‌ಗೆ ಆರನೆಯ ಒಲಿಂಪಿಕ್ ಪದಕ. ಈಜುಗಾರ್ತಿ ಯಾನಾ ಕ್ಲೊಚ್ಕೊವಾ ಅವರ ಹೆಸರಿನಲ್ಲಿದ್ದ ಐದರ ಲೆಕ್ಕವನ್ನು ದಾಟಿ, ಸ್ವತಂತ್ರ ಉಕ್ರೇನಿನ ಒಲಿಂಪಿಯನ್‌ಗಳಲ್ಲಿ ಅತಿ ಹೆಚ್ಚು ಪದಕ ಗೆದ್ದವರು ಈಗ ಇವರೇ. ಆರರಲ್ಲಿ ಮೂರು ತಂಡದ ಪದಕ, ಚಿನ್ನ ಎರಡೂ ಅದರಲ್ಲೇ.